ಎಡಗಡೆಯಿಂದ ಬಂದ ಮಾತು

ಹೂವು ಆರನೆಯ ಸುತ್ತು ಮುಗಿಸಿ ಏಳನೆಯದಕ್ಕೆ ಹೊರಳುವಾಗ ಅವನಿಗೆ ಮತ್ತೆ ಆ ಸದ್ದು ಕೇಳಿಸಿತು. ಟಿಕ್. ತೀರ ಸಣ್ಣದು, ಪಕ್ಕದ ಕೋಣೆಯಲ್ಲಿ ಯಾರೋ ಉಗುರಿನಿಂದ ಗಾಜಿನ ಲೋಟ ತಟ್ಟಿದಷ್ಟು. ಅವನು ತಲೆಯೆತ್ತಿ ನೋಡಿದ. ಹನ್ನೆರಡು ಉಕ್ಕಿನ ತೋಳುಗಳು ನಡುಗಂಬದ ಸುತ್ತ ತಿರುಗುತ್ತ, ಎಸಳು ಬಿಚ್ಚಿಕೊಳ್ಳುವ ಹಾಗೆ ನಿಧಾನವಾಗಿ ಮೇಲೇಳುತ್ತಿದ್ದವು. ಒಂದೊಂದರ ತುದಿಯಲ್ಲೂ ಇಬ್ಬರು ಕೂರುವ ಹಳದಿ ತೊಟ್ಟಿಲು, ತೊಟ್ಟಿಲಲ್ಲಿ ಮನುಷ್ಯರ ಬದಲು ನೀರು ತುಂಬಿದ ಪ್ಲಾಸ್ಟಿಕ್ ಗೊಂಬೆಗಳು. ಮನರಂಜನಾ ಉದ್ಯಾನದ ಜಾಹೀರಾತಿನಲ್ಲಿ ಈ ಆಟಕ್ಕೆ ಬೇರೇನೋ ದೊಡ್ಡ ಹೆಸರಿತ್ತು. ವಿನ್ಯಾಸ ವಿಭಾಗದವರಿಗೆ ಮಾತ್ರ ಮೊದಲ ದಿನದಿಂದಲೂ ಅದು ಹೂವು. ಮೂರು ವರ್ಷ ಅವನ ಮೇಜಿನ ಮೇಲೆ, ಊಟದ ತಟ್ಟೆಯ ಪಕ್ಕದಲ್ಲಿ, ನಿದ್ದೆಯೊಳಗೆ ಬೆಳೆದ ಹೂವು. ಇವತ್ತು ಹನ್ನೊಂದು ಗಂಟೆಗೆ ಅದರಲ್ಲಿ ಮೊದಲ ಸಲ ಜೀವವಿರುವವರು ಕೂರಲಿದ್ದರು. ನೌಕರರ ಮನೆಮಂದಿ, ಇಪ್ಪತ್ನಾಲ್ಕು ಜನ. ಅವರಲ್ಲಿ ಅವನ ಹನ್ನೆರಡು ವರ್ಷದ ಮಗಳೂ ಒಬ್ಬಳು.

"ಮೇಸ್ತ್ರಿ, ಏನಾದ್ರೂ ಕೇಳಿಸ್ತಾ?" ಎಂದ.

ಫಿಟ್ಟರ್ ಮೇಸ್ತ್ರಿ ಮೂವತ್ತು ವರ್ಷ ಯಂತ್ರಗಳ ಹೊಟ್ಟೆಗೆ ಕೈಹಾಕಿ ಬದುಕಿದವರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ನಡುಗಂಬದ ಬುಡಕ್ಕೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, ನಾಡಿ ನೋಡುವವರ ಹಾಗೆ ಕಣ್ಣು ಮುಚ್ಚಿದರು. ಅವರ ತುಟಿ ಏನನ್ನೋ ಎಣಿಸುತ್ತಿತ್ತು. ಆಮೇಲೆ ಕಣ್ಣು ತೆರೆದು, "ಬೆಣ್ಣೆ ಹಾಗಿದೆ ಸಾರ್. ಯಾಕೆ, ನಿಮಗೇನಾದ್ರೂ ಕೇಳಿಸ್ತಾ?" ಎಂದರು.

"ಇಲ್ಲ. ಸುಮ್ನೆ ಕೇಳ್ದೆ."

ಅವನು ಸುಳ್ಳು ಹೇಳಿದ್ದು ಮೇಸ್ತ್ರಿಗೆ ತಿಳಿಯಿತೋ ಇಲ್ಲವೋ. ಸುಳ್ಳು ಎನ್ನುವುದೂ ಕಷ್ಟ. ಕೇಳಿಸಿತೋ ಇಲ್ಲವೋ ಎಂಬುದು ಅವನಿಗೇ ಗೊತ್ತಿರಲಿಲ್ಲ. ಒಂದು ವರ್ಷದ ಹಿಂದೆ, ಗೋಡೆಗೆಲ್ಲ ಸ್ಪಂಜು ಮೆತ್ತಿದ್ದ ಸಣ್ಣ ಕೋಣೆಯೊಂದರಲ್ಲಿ ಅವನನ್ನು ಕೂರಿಸಿ, ಸದ್ದು ಕೇಳಿಸಿದಾಗೆಲ್ಲ ಗುಂಡಿ ಒತ್ತು ಎಂದು ಹೇಳಿ ಹೋಗಿದ್ದರು. ಗಾಜಿನಾಚೆ ಕೂತ ಹುಡುಗಿಯ ಮುಖದಲ್ಲಿ ಕನಿಕರ ಮೂಡಿದಾಗಲೇ ತಾನು ಬಹಳ ಹೊತ್ತಿನಿಂದ ಗುಂಡಿ ಒತ್ತಿಲ್ಲ ಎಂದು ಅವನಿಗೆ ಹೊಳೆದದ್ದು. ಎಡಗಿವಿ ಬಹುಪಾಲು ಹೋಗಿದೆ, ಮರಳುವುದಿಲ್ಲ ಎಂದ ಡಾಕ್ಟರು, ಇನ್ನೊಂದು ಮಾತನ್ನೂ ಸಮಾಧಾನದ ಹಾಗೆ ಹೇಳಿದ್ದರು: "ನರ ಸೋತ ಮೇಲೆ ಕಿವಿ ಸುಮ್ನೆ ಕೂರೋದಿಲ್ಲ, ತಾನೇ ಸದ್ದು ಹುಟ್ಟಿಸ್ಕೊಳ್ಳುತ್ತೆ. ಕೆಲವ್ರಿಗೆ ಸಿಳ್ಳೆ, ಕೆಲವ್ರಿಗೆ ಜೀರುಂಡೆ, ಇನ್ನು ಕೆಲವ್ರಿಗೆ ಗಡಿಯಾರ. ಹೆದರ್ಕೋಬೇಡಿ." ಅವನ ಪಾಲಿಗೆ ಬಂದದ್ದು ಸಿಳ್ಳೆ. ಈ ಟಿಕ್ ಹೊಸದು, ಒಂದು ವಾರದಿಂದ ಬಂದದ್ದು. ಇದು ಹೊಸ ನೆಂಟನೋ, ಅಥವಾ ಹನ್ನೆರಡು ತೋಳುಗಳಲ್ಲಿ ಯಾವುದೋ ಒಂದರ ಬುಡದಿಂದ ಬರುತ್ತಿದೆಯೋ?

ಹೆಂಡತಿಯೊಬ್ಬಳಿಗೆ ಮಾತ್ರ ಗೊತ್ತು. "ಮೊದಲು ನಿಮ್ದು ಜಾಣ ಕಿವುಡು ಅಂದ್ಕೊಂಡಿದ್ದೆ ಕಣ್ರೀ, ನಾನು ಅಂದಿದ್ದು ಬೇಕಂತ್ಲೇ ಕೇಳಿಸ್ಕೊಳ್ಳಲ್ಲ ಅಂತ," ಎಂದು ಅತ್ತಿದ್ದಳು. ಅಂದಿನಿಂದ ಅವನ ಬಲಕ್ಕೇ ನಡೆಯುತ್ತಾಳೆ, ಬಲಕ್ಕೇ ಮಲಗುತ್ತಾಳೆ. ಇವತ್ತು ಬೆಳಿಗ್ಗೆ ಮಗಳ ಜಡೆ ಹಾಕುತ್ತ ಮತ್ತೆ ಕೆಣಕಿದ್ದಳು. "ಆಫೀಸಲ್ಲಿ ಹೇಳಿಬಿಡಿ. ಕನ್ನಡಕ ಹಾಕ್ಕೊಂಡ್ರೆ ಯಾರಾದ್ರೂ ನಗ್ತಾರಾ?" ಅವಳಿಗೆ ಹೇಗೆ ವಿವರಿಸುವುದು? ಕಣ್ಣು ಎಲ್ಲರಿಗೂ ಇದೆ, ಅವನ ಹತ್ತಿರ ಇದ್ದದ್ದು ಕಿವಿ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಮುಚ್ಚಿದ ಶೆಡ್ಡಿನ ಹೊರಗೆ ನಿಂತು ಒಳಗಿನ ಮೋಟರಿನ ಯಾವ ಬೇರಿಂಗ್ ಸವೆದಿದೆ ಎಂದು ಹೇಳಿದ್ದ. ಬಿಚ್ಚಿ ನೋಡಿದರೆ ಅದೇ. ಅಂದಿನಿಂದ ಅವನಿಗೆ ಸ್ಟೆತಸ್ಕೋಪು ಎಂದೇ ಅಡ್ಡಹೆಸರು. ಇಪ್ಪತ್ತು ವರ್ಷ ಆ ಹೆಸರನ್ನು ಉಂಡು ಬೆಳೆದವನು ಈಗ ಕಿವುಡ ಎಂದು ಹೇಗೆ ಹೇಳಿಕೊಳ್ಳುವುದು? ಹಾಗಾಗಿ ಮೀಟಿಂಗಿನಲ್ಲಿ ಎಲ್ಲರೂ ಬಲಕ್ಕೆ ಬರುವಂತೆ ಮೇಜಿನ ಎಡತುದಿಯಲ್ಲೇ ಕೂರುತ್ತಿದ್ದ. ತುಟಿ ಓದುವುದನ್ನು ಕಲಿತ. ತಿಳಿಯದ ಕಡೆ ತಲೆಯಾಡಿಸುವುದನ್ನು ಕಲಿತ, ಕೋಲೆ ಬಸವನ ಹಾಗೆ, ಎಲ್ಲದಕ್ಕೂ ಹೂಂ, ಹೂಂ. ಬಹಳಷ್ಟು ಸಲ ಲೋಕ ಅಷ್ಟರಲ್ಲೇ ತೃಪ್ತವಾಗುತ್ತಿತ್ತು. ಒಂದೇ ಒಂದು ಸಲ, ಮೆಟ್ಟಿಲಿಳಿಯುವಾಗ ಎಲೆಕ್ಟ್ರಿಷಿಯನ್ ಅವನ ಎಡಕ್ಕೆ ಬಂದು ಏನೋ ಹೇಳಿದ. ಮಗನ ಪರೀಕ್ಷೆಯ ಸುದ್ದಿಯೇ ಇರಬೇಕೆಂದು ಇವನು ನಕ್ಕು, ಅವನ ಬೆನ್ನು ತಟ್ಟಿ, "ಒಳ್ಳೇದಾಯ್ತು ಬಿಡಿ," ಎಂದುಬಿಟ್ಟ. ಆ ಮನುಷ್ಯ ಮೆಟ್ಟಿಲ ಮೇಲೆಯೇ ನಿಂತುಬಿಟ್ಟಿದ್ದ. ಅವನ ತಾಯಿ ತೀರಿಕೊಂಡಿದ್ದಾರೆ ಎಂದು ಇವನಿಗೆ ತಿಳಿದದ್ದು ಸಂಜೆ, ನೋಟಿಸ್ ಬೋರ್ಡು ನೋಡಿ. ಕ್ಷಮೆ ಕೇಳಬೇಕೆಂದರೆ ಕಾರಣ ಹೇಳಬೇಕು. ಕೇಳಲಿಲ್ಲ. ಅಂದಿನಿಂದ ಆ ಎಲೆಕ್ಟ್ರಿಷಿಯನ್ ಎದುರಾದರೆ ನಮಸ್ಕಾರವಿಲ್ಲ.

ಹತ್ತೂವರೆಗೆ ಮನೆಮಂದಿ ಬರತೊಡಗಿದರು. ಬಣ್ಣಬಣ್ಣದ ಟೋಪಿಗಳು, ಹೊಸ ಬೂಟುಗಳು. ಮ್ಯಾನೇಜರ್ ಬಾಗಿಲಲ್ಲೇ ನಿಂತು, ತಮ್ಮ ಮನೆಯ ಮದುವೆಯೇನೋ ಎಂಬಂತೆ ಎಲ್ಲರನ್ನೂ ಎದುರುಗೊಳ್ಳುತ್ತಿದ್ದರು. ಮಗಳು ಗೆಳತಿಯ ಕೈಹಿಡಿದುಕೊಂಡು ಓಡಿಬಂದು, "ಅಪ್ಪ, ಇವಳಿಗೆ ಹೇಳು, ಇದನ್ನ ಮಾಡಿದ್ದು ನೀನೇ ಅಂತ. ನಂಬ್ತಾನೇ ಇಲ್ಲ," ಎಂದಳು. ಅವನು ಹೇಳಿದ. ಗೆಳತಿ ಅವನನ್ನು ಬುಡದಿಂದ ತುದಿಯವರೆಗೆ ನೋಡಿ, ಆಮೇಲೆ ಹೂವನ್ನು ಬುಡದಿಂದ ತುದಿಯವರೆಗೆ ನೋಡಿ, ಎರಡಕ್ಕೂ ತಾಳೆಯಾಗದೆ ಸುಮ್ಮನಾದಳು. ಇಬ್ಬರೂ ಏಳನೆಯ ತೋಳಿನ ತೊಟ್ಟಿಲು ಹತ್ತಿದರು. ಕಬ್ಬಿಣದ ಅಡ್ಡಪಟ್ಟಿ ಅವರ ತೊಡೆಯ ಮೇಲೆ ಇಳಿದು ಕಚ್ಚಿಕೊಂಡ ಸದ್ದನ್ನು ಅವನು ಕಣ್ಣಿನಿಂದ ಕೇಳಿಸಿಕೊಂಡ.

"ಸಾರ್, ಇನ್ನೊಂದು ದಿನ ಬಿಟ್ಟು ಮಾಡೋಣ್ವಾ?" ಎಂದು ಮ್ಯಾನೇಜರ ಹತ್ತಿರ ಹೋಗಿ ಕೇಳಿದಾಗ ಅವನ ದನಿ ಅವನಿಗೇ ಬೇರೆಯವರದಾಗಿ ಕೇಳಿತು.

"ಯಾಕ್ರೀ? ಏನು ತೊಂದ್ರೆ?"

"ತೊಂದ್ರೆ ಅಂತ ಅಲ್ಲ..."

"ಜನ ಕೂತಾಗಿದೆ. ಮೂರು ವಾರ ಗೊಂಬೆ ಕೂರ್ಸಿ ತಿರುಗ್ಸಿದ್ದೀರಿ. ಕಾಗದ ಎಲ್ಲ ಸರಿ ಇದೆ. ಏನು ಕಂಡ್ರಿ ಹೇಳಿ, ಈಗ್ಲೇ ನಿಲ್ಲಿಸ್ತೀನಿ."

ಮ್ಯಾನೇಜರ್ ಕೆಟ್ಟವರಲ್ಲ. ಹೇಳಿದ್ದರೆ ನಿಲ್ಲಿಸುತ್ತಿದ್ದರು. ಅವನು ಬಾಯಿ ತೆರೆದ. ಕೇಳಿಸಿತು ಎಂದರೆ ಏನು ಕೇಳಿಸಿತು, ಯಾವ ಕಡೆಯಿಂದ, ಯಾವ ಕಿವಿಗೆ ಎಂಬ ಪ್ರಶ್ನೆಗಳು ಸಾಲಾಗಿ ನಿಂತವು. "ಏನೂ ಇಲ್ಲ ಸಾರ್, ಮೊದಲ ದಿನ ಅಲ್ವಾ, ಅದಕ್ಕೇ," ಎಂದು ನಕ್ಕ. ಮ್ಯಾನೇಜರೂ ನಕ್ಕು ಅವನ ಭುಜ ಅದುಮಿದರು.

ಹೂವು ಅರಳಿತು. ಇಪ್ಪತ್ನಾಲ್ಕು ಕೊರಳಿನ ಕೂಗು ಒಂದೇ ಸಲ ಎದ್ದು ಬಲಗಿವಿಯನ್ನು ತುಂಬಿತು. ಅದರ ನಡುವೆಯೇ, ಆ ಗದ್ದಲಕ್ಕೂ ತನಗೂ ಸಂಬಂಧವೇ ಇಲ್ಲವೆಂಬ ಹಾಗೆ, ಟಿಕ್. ನಿಯಂತ್ರಣದ ಮೇಜಿನ ಹಿಂದೆ ಆಪರೇಟರನ ಪಕ್ಕ ನಿಂತು ಅವನು ಎಣಿಸಿದ. ಮಗಳ ತೊಟ್ಟಿಲು ಎದುರಿಗೆ ಹಾಯ್ದಾಗಲೆಲ್ಲ ಟಿಕ್. ಅಥವಾ ಮಗಳ ತೊಟ್ಟಿಲನ್ನೇ ನೋಡುತ್ತಿದ್ದುದರಿಂದ ಹಾಗೆ ಅನಿಸುತ್ತಿತ್ತೋ. ಮನಸ್ಸು ಎಂಥ ಕಳ್ಳ ಗುಮಾಸ್ತ ಎಂದು ಅವನಿಗೆ ಗೊತ್ತಿತ್ತು, ಬೇಕಾದ ಲೆಕ್ಕಕ್ಕೆ ಬೇಕಾದ ಅಂಕಿ ತುಂಬಿಸಿಕೊಡುತ್ತದೆ. ಪರೀಕ್ಷಿಸಲು ಬಹಳ ಸುಲಭದ ದಾರಿಯೊಂದಿತ್ತು. ಬಲಗಿವಿಯನ್ನು ಅಂಗೈಯಿಂದ ಬಿಗಿಯಾಗಿ ಮುಚ್ಚಿಕೊಳ್ಳುವುದು. ಸದ್ದು ಹೊರಗಿನದಾಗಿದ್ದರೆ ಕೂಗಿನ ಜೊತೆಗೇ ಅದೂ ಅಡಗಬೇಕು, ಒಳಗಿನದಾಗಿದ್ದರೆ ಉಳಿಯಬೇಕು. ಮಗುವಿಗೂ ಹೊಳೆಯುವಂಥ ಉಪಾಯ. ಅವನು ಕೈಯೆತ್ತಿದ. ಅಷ್ಟರಲ್ಲಿ ಕಟಕಟೆಯಾಚೆ ನಿಂತಿದ್ದ ಮ್ಯಾನೇಜರ್ ಇತ್ತ ನೋಡಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಅವನ ಕೈ ಕಿವಿಯ ಹತ್ತಿರದಿಂದ ಜಾರಿ ಕೂದಲಿಗೆ ಹೋಯಿತು. ಸುಮ್ಮನೆ ತಲೆ ಕೆರೆದುಕೊಂಡ. ಆ ಕೆರೆತದ ನಾಚಿಕೆ ಅವನ ಮೈಯನ್ನೆಲ್ಲ ಸುಟ್ಟಿತು. ನನ್ನ ಮಗಳು ಅಲ್ಲಿ ನಾಲ್ಕು ಮಹಡಿ ಎತ್ತರದಲ್ಲಿದ್ದಾಳೆ, ನಾನು ಇಲ್ಲಿ ಕಿವಿ ಮುಚ್ಚಿಕೊಳ್ಳಲು ನಾಚುತ್ತಿದ್ದೇನೆ. ಟಿಕ್. ಅವನು ಆಪರೇಟರನ್ನು ತಳ್ಳಿ ಕೆಂಪು ಗುಂಡಿಯನ್ನು ಅಂಗೈಯಿಂದ ಗುದ್ದಿದ.

ಹೂವು ಅರಳಿದಲ್ಲೇ ನಿಂತಿತು. ತೊಟ್ಟಿಲುಗಳು ಒಮ್ಮೆ ಮುಂದಕ್ಕೆ ಜೀಕಿ ಹಿಂದಕ್ಕೆ ಬಂದವು. ಖುಷಿಯ ಕೂಗು ನಿಂತು, ಬೇರೆ ಬಗೆಯ ಕೂಗು ಎದ್ದಿತು. ಮೋಟರು ಆರಿತ್ತು, ಪಂಪು ಆರಿತ್ತು, ಅಷ್ಟು ದೊಡ್ಡ ಯಂತ್ರದಲ್ಲಿ ಒಂದು ಅಣುವೂ ಅಲುಗುತ್ತಿರಲಿಲ್ಲ. ಅವನ ಎಡಗಿವಿಯಲ್ಲಿ ಮಾತ್ರ ಟಿಕ್, ಮತ್ತೆ ಟಿಕ್, ತನ್ನ ಪಾಡಿಗೆ ತಾನು.

ಅವನಿಗೆ ಗೊತ್ತಾಯಿತು. ಮ್ಯಾನೇಜರ್ ಓಡಿ ಬಂದಿದ್ದರು, ಮೇಸ್ತ್ರಿ ಓಡಿ ಬಂದಿದ್ದರು.

"ಏನಾಯ್ತ್ರೀ?"

"ಸದ್ದು ಬಂತು," ಎಂದ.

"ಯಾವ ಕೈ ಸಾರ್?" ಎಂದರು ಮೇಸ್ತ್ರಿ.

"ಏಳು." ಅವನ ಕಣ್ಣು ಏಳರ ಮೇಲಿತ್ತು, ಬಾಯಿ ಕಣ್ಣನ್ನು ಓದಿತು, ಅಷ್ಟೆ.

ಮ್ಯಾನೇಜರ್ ಮೇಲೆ ನೋಡಿದರು. "ಸರಿ, ಕೈಯಿಂದ ತಿರುಗಿಸೋ ವಾಲ್ವು ಬಿಚ್ಚಿ ನಿಧಾನಕ್ಕೆ ಎಲ್ಲಾ ಕೈನೂ ಇಳಿಸಿಬಿಡಿ. ಐದು ನಿಮಿಷದ ಕೆಲಸ. ಆಮೇಲೆ ನೋಡ್ಕೊಳ್ಳೋಣ."

ಆಗ ಅವನು ಹೂಂ ಎನ್ನಬೇಕಿತ್ತು. ಯಂತ್ರದಲ್ಲಿ ಸದ್ದಿರಲಿಲ್ಲವೆಂದು ಈಗ ಬಲ್ಲವನು ಅವನೊಬ್ಬನೇ. ಆದರೆ ಇಳಿಸಿ ಎಂದರೆ, ಅಷ್ಟು ಜನರನ್ನು ಹೆದರಿಸಿ ನಿಲ್ಲಿಸಿದ್ದು ಯಾಕೆ ಎಂಬ ಪ್ರಶ್ನೆ ತೋಳುಗಳ ಜೊತೆಗೇ ಕೆಳಗಿಳಿದು ಬರುತ್ತದೆ. ಬರಿಯ ಹೇಡಿತನದಿಂದ, ನಿಂತ ನೆಲ ಬಿಟ್ಟುಕೊಡಲಾರದೆ, "ಬೇಡ. ಕೈ ಆಡಿಸ್ಕೂಡದು. ಕ್ರೇನ್ ಬುಟ್ಟಿ ತರ್ಸಿ, ಇಬ್ಬಿಬ್ಬರನ್ನೇ ಇಳಿಸೋಣ. ಏಳರವರನ್ನ ಮೊದಲು," ಎಂದ. ಒಂದು ಗಂಟೆ ಹಿಡಿಯಿತು. ಬುಟ್ಟಿ ಹನ್ನೆರಡು ಸಲ ಏರಿ ಇಳಿಯಿತು. ಮೊದಲ ಸಲ ಇಳಿದುಬಂದ ಮಗಳ ಮುಖದಲ್ಲಿ ರಕ್ತವಿರಲಿಲ್ಲ. ಎಲ್ಲರ ಮುಂದೆ ವಾಂತಿ ಮಾಡಿಕೊಂಡಳು. ಗೆಳತಿ ಎರಡು ಹೆಜ್ಜೆ ದೂರ ಸರಿದು ನಿಂತಳು. ಗುಂಪಿನಲ್ಲಿ ಯಾರೋ ಹೆಂಗಸು, "ತಮ್ಮ ಮಗಳನ್ನ ನೋಡಿ ಹೇಗೆ ಮೊದಲು ಇಳಿಸ್ಕೊಂಡ್ರು," ಎಂದದ್ದು ಅವನ ಬಲಗಡೆಯಿಂದ ಬಂದಿತ್ತು, ಅದಕ್ಕೇ ಸ್ಪಷ್ಟವಾಗಿ ಕೇಳಿಸಿತು. ಕಟಕಟೆಯ ಹತ್ತಿರ ಕಾದಿದ್ದ ಹೆಂಡತಿ ಮಗಳ ಬಾಯಿ ಒರೆಸುತ್ತ ತಲೆಯೆತ್ತಿ ಇವನನ್ನೇ ನೋಡಿದಳು. ಅವಳು ಯಾವಾಗಲೋ ಎಲ್ಲವನ್ನೂ ಊಹಿಸಿದ್ದಳು.

ಜನರನ್ನು ಕಳಿಸಿ, ಏಳನೆಯ ತೋಳಿಗೆ ಕೆಳಗಿನಿಂದ ಆಧಾರ ಕೊಟ್ಟು, ಅದರ ಬುಡದ ಪಿನ್ನನ್ನು ಹೊರತೆಗೆಯುವಷ್ಟರಲ್ಲಿ ಮೂರು ಗಂಟೆ. ಪಿನ್ನೆಂದರೆ ಮಣಿಕಟ್ಟಿನಷ್ಟು ದಪ್ಪದ ಉಕ್ಕಿನ ಕೋಲು, ಇಡೀ ತೋಳು ಅದರ ಮೇಲೆಯೇ ಮಡಚಿ ಬಿಚ್ಚುತ್ತದೆ. ಅದು ಒಂದು ಕಡೆ ಮೆಟ್ಟಿಲಿನ ಹಾಗೆ ಸಣ್ಣದಾಗುತ್ತದೆ. ಮೇಸ್ತ್ರಿ ಅದನ್ನು ಒರೆಸಿ, ಕೆಂಪು ಬಣ್ಣದ ದ್ರವ ಎರಚಿ, ಕಾದು, ಮತ್ತೆ ಒರೆಸಿ, ಮೇಲೆ ಬಿಳಿ ಪುಡಿ ಎರಚಿದರು. ಬಿರುಕಿದ್ದರೆ ಅದರೊಳಗೆ ಇಳಿದ ಕೆಂಪು ಬಿಳಿಯ ಮೇಲೆ ಒಸರುತ್ತದೆ. ಅವನು ನೋಡಲೂ ಮನಸ್ಸಿಲ್ಲದೆ ಶೆಡ್ಡಿನ ಗೋಡೆಗೆ ಒರಗಿದ್ದ. ಏನೂ ಇರುವುದಿಲ್ಲ, ಇರಲಾರದು. ಎಲ್ಲರ ಕಿವಿಯ ಮೇಲೂ ಹೂವಿಟ್ಟೆ ನಾನು, ಈಗ ಅದು ಬಾಡಿ ಕೆಳಗೆ ಬೀಳುತ್ತದೆ, ಅಷ್ಟೆ.

"ಅಯ್ಯೋ ಶಿವನೆ," ಎಂದರು ಮೇಸ್ತ್ರಿ.

ಮೆಟ್ಟಿಲಿನ ಒಳಮೂಲೆಯಲ್ಲಿ, ಪಿನ್ನಿನ ಅರ್ಧ ಸುತ್ತಿಗೂ ಮಿಕ್ಕಿ, ಕೂದಲೆಳೆಯಂಥ ಕೆಂಪು ಗೆರೆ.

ಎಲ್ಲರೂ ಒಟ್ಟಿಗೆ ಮಾತಾಡಿದರು. ಮ್ಯಾನೇಜರ್ ಅವನ ಎರಡೂ ಕೈ ಹಿಡಿದುಕೊಂಡರು, ಅವರ ಕಣ್ಣು ಒದ್ದೆಯಾಗಿತ್ತು. "ಕಿವಿ ಅಂದ್ರೆ ಇದು ಕಣ್ರೀ! ಅಷ್ಟು ಗಲಾಟೆಯಲ್ಲಿ! ನಾನು ಐದು ನಿಮಿಷದಲ್ಲಿ ಇಳಿಸಿ ಅಂತಿದ್ದೆ..." ಮೇಸ್ತ್ರಿ ತಲೆಯಾಡಿಸಿದರು. "ಕೈ ಮಡಚಿದ್ರೆ ಅಲ್ಲೇ ಕಿತ್ಕೊಂಡು ಬರ್ತಿತ್ತು ಸಾರ್. ಇವರು ಬುಟ್ಟಿ ಅಂದಿದ್ದು ದೇವರು ಅನ್ನಿಸಿದ್ದು." ಅವನು ಹೊಗಳಿಕೆಯ ನಡುವೆ ಕೆಂಪು ಗೆರೆಯನ್ನೇ ನೋಡುತ್ತ ನಿಂತ. ಕುರುಡ ಎಸೆದ ಕಲ್ಲಿಗೆ ಹಣ್ಣು ಬಿದ್ದಿತ್ತು. ಅವನೊಳಗಿನ ಇಂಜಿನಿಯರು ನಿಧಾನವಾಗಿ ಎಚ್ಚರಗೊಳ್ಳುತ್ತಿದ್ದ: ಕಣ್ಣು ಮುಚ್ಚಿ ಹನ್ನೆರಡರಲ್ಲಿ ಒಂದನ್ನು ತೋರಿಸಿದರೆ ಅದರಲ್ಲೇ ಬಿರುಕಿದೆ ಎಂದರೆ, ಮಿಕ್ಕ ಹನ್ನೊಂದರ ಗತಿ ಏನು?

"ಈ ಮೂಲೆ ಇಷ್ಟು ಚೂಪು ಯಾಕಿದೆ?" ಮೇಸ್ತ್ರಿ ಉಗುರಿನಿಂದ ಗೆರೆಯ ಜಾಗವನ್ನು ಸವರಿದರು. "ಒಳಮೂಲೆ ಅಂದ್ರೆ ಗುಂಡಗೆ ಇರ್ಬೇಕಲ್ವಾ?"

ಅವನಿಗೂ ಆಗಲೇ ಕಂಡದ್ದು. ಅವನು ಬರೆದ ನಕ್ಷೆಯಲ್ಲಿ ಆ ಮೂಲೆ ಹೆಬ್ಬೆರಳಿನ ತುದಿಯಷ್ಟು ದುಂಡಗಿತ್ತು. ಚೂಪು ಮೂಲೆಯಲ್ಲಿ ಭಾರವೆಲ್ಲ ಬಂದು ಗುಂಪು ಕಟ್ಟುತ್ತದೆ. ಬಿರುಕು ಹುಟ್ಟುವುದೇ ಅಲ್ಲಿ. ಇದು ಕಾಲೇಜಿನ ಎರಡನೆಯ ವರ್ಷದ ಪಾಠ. ನಕ್ಷೆ ತರಿಸಿದರು. ಕಡೆಯ ಹಾಳೆಯಲ್ಲಿ ಅಳತೆ ಕಾಲು ಭಾಗಕ್ಕೆ ಇಳಿದಿತ್ತು. ಕೆಳಗೆ ಅವನದೇ ಸಹಿ.

"ಅದು ನಾನು ಬದಲಾಯ್ಸಿದ್ದು ಸರ್," ಎಂದಿತು ಒಂದು ಸಣ್ಣ ದನಿ. ಅವನ ಕೈಕೆಳಗಿನ ಇಂಜಿನಿಯರ್, ಜಡೆಯ ಗಂಟಿಗೆ ಸದಾ ಪೆನ್ಸಿಲ್ ಸಿಕ್ಕಿಸಿಕೊಂಡಿರುತ್ತಿದ್ದುದರಿಂದ ಎಲ್ಲರೂ ಪೆನ್ಸಿಲ್ ಎಂದೇ ಕರೆಯುತ್ತಿದ್ದ ಹೆಣ್ಣುಮಗಳು. ಕೆಲಸದಲ್ಲಿ ಅಚ್ಚುಕಟ್ಟು, ಮಾತಿನಲ್ಲಿ ಮಿತ. "ಬೇರಿಂಗ್ ಸರಿಯಾಗಿ ಕೂರ್ತಿರ್ಲಿಲ್ಲ, ಮೂಲೆ ಅಡ್ಡ ಬರ್ತಿತ್ತು. ಕಮ್ಮಿ ಮಾಡ್ಲಾ ಅಂತ ಸರ್‌ನ ಕೇಳ್ದೆ."

"ಕೇಳಿದ್ದಕ್ಕೆ?"

ಅವಳು ಇವನ ಕಡೆ ನೋಡಿದಳು. ಆ ನೋಟದಲ್ಲಿ ದೂರಿರಲಿಲ್ಲ, ಕಾಯುವಿಕೆ ಇತ್ತು. "ಹೂಂ ಅಂದ್ರು ಅಂತ ತಿಳ್ಕೊಂಡೆ."

ಮ್ಯಾನೇಜರ ಮುಖ ಬಿಗಿಯಿತು. "ಏನಮ್ಮ ಇದು? ನಾಲ್ಕು ಮಹಡಿ ಮೇಲಿನ ಕೂದಲೆಳೆ ಬಿರುಕು ಕೇಳಿಸೋ ಕಿವಿಗೆ, ಪಕ್ಕದಲ್ಲಿ ನಿಂತು ನೀವು ಕೇಳಿದ್ದು ಕೇಳಿಸ್ಲಿಲ್ವಾ? ಇಂಥದ್ದಕ್ಕೆ ಇವರು ಹೂಂ ಅಂತಾರಾ? ಅವರು ನೂರೆಂಟು ಹಾಳೆಗೆ ಸಹಿ ಹಾಕ್ತಾರೆ. ಬದಲಾಯ್ಸಿದ್ದನ್ನ ಗುರುತು ಮಾಡಿ ತೋರಿಸ್ಬೇಕಾಗಿದ್ದು ನೀವು. ತಪ್ಪಾಯ್ತು ಅಂದ್ರೆ ಮುಗೀತು, ಇನ್ನೊಬ್ಬರ ತಲೆಗೆ ಕಟ್ಬೇಡಿ."

ಅವನಿಗೆ ಆ ಮಧ್ಯಾಹ್ನ ನೆನಪಿತ್ತು. ಊಟ ಮುಗಿದ ಹೊತ್ತು, ಕಿಟಕಿಯಲ್ಲಿ ತಂಪುಗಾಳಿಯ ಯಂತ್ರ ಗೊರಗೊರ ಎನ್ನುತ್ತಿತ್ತು. ಅವಳು ಎಡಕ್ಕೆ ಬಂದು, ದೊಡ್ಡ ಹಾಳೆಯನ್ನು ಬಾಯಿಗೆ ಅಡ್ಡವಾಗಿ ಎತ್ತಿಹಿಡಿದು, ಏನೋ ಕೇಳಿದಳು. ತುಟಿ ಕಾಣಲಿಲ್ಲ. ಸಂಜೆ ಬೇಗ ಹೊರಡಲು ಅನುಮತಿ ಇರಬೇಕು ಎಂದುಕೊಂಡ. ಹುಬ್ಬೇರಿಸಿ, ಧಾರಾಳವಾಗಿ ನಕ್ಕು, ಹೂಂ ಎಂದ. ಅವಳು ಹೋದಳು. ಎಷ್ಟು ಒಳ್ಳೆಯ ಅಧಿಕಾರಿ ತಾನು ಎಂದು ಒಂದು ಗಳಿಗೆ ಬೆಚ್ಚಗೂ ಆಗಿತ್ತು. ಆ ಒಂದು ಹೂಂ ಕಾರ್ಖಾನೆಗೆ ಹೋಗಿ, ಉಕ್ಕಾಗಿ, ಹನ್ನೆರಡು ಪಿನ್ನುಗಳಾಗಿ ಬಂದಿತ್ತು, ಅವುಗಳಲ್ಲೊಂದಕ್ಕೆ ಅವನ ಮಗಳು ಜೋತುಬಿದ್ದಿದ್ದಳು.

ಈಗಲೂ ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಎಲ್ಲವೂ ಅವನ ಕಡೆಗೇ ಇತ್ತು, ಬಿರುಕು ಕೂಡ. ಪೆನ್ಸಿಲ್ ತಲೆ ತಗ್ಗಿಸಿ, "ತಪ್ಪಾಯ್ತು ಸರ್," ಎನ್ನಲು ಉಸಿರೆಳೆದುಕೊಳ್ಳುವುದು ಕಾಣಿಸಿತು.

"ಅವರು ಕೇಳಿದ್ದು ನಿಜ," ಎಂದ ಅವನು. "ನನಗೆ ಕೇಳಿಸ್ಲಿಲ್ಲ."

"ಏನಂದ್ರಿ?"

"ಎಡಗಿವಿ ಹೋಗಿ ಒಂದು ವರ್ಷ ಆಯ್ತು ಸಾರ್. ಯಾರಿಗೂ ಹೇಳ್ಲಿಲ್ಲ. ಅವತ್ತು ಅವರು ಏನು ಕೇಳಿದ್ರು ಅಂತ ಗೊತ್ತಾಗ್ಲಿಲ್ಲ, ಗೊತ್ತಾಗದೇನೇ ಹೂಂ ಅಂದೆ. ಹಾಳೆ ಬಂದಾಗ ನೋಡದೇನೇ ಸಹಿ ಹಾಕ್ದೆ, ನಾನೇ ಬರ್ದಿದ್ದು ಅಂತ."

ಶೆಡ್ಡಿನಲ್ಲಿ ಎಲ್ಲರೂ ಅವನ ಕಿವಿಯನ್ನೇ ನೋಡಿದರು, ಅದೇನೋ ಈಗಷ್ಟೇ ಮೊಳೆತದ್ದು ಎಂಬ ಹಾಗೆ. ಹಿಂದಿನಿಂದ ಎಲೆಕ್ಟ್ರಿಷಿಯನ್ ಮುಂದೆ ಬಂದು, "ಹಾಗಾದ್ರೆ ಅವತ್ತು, ನಮ್ಮಮ್ಮ..." ಎಂದವನು ಮಾತು ಮುಗಿಸಲಿಲ್ಲ. ಇವನು ಕೈಮುಗಿದ. ಎಲೆಕ್ಟ್ರಿಷಿಯನ್ ತಲೆಯನ್ನು ಅತ್ತ ಇತ್ತ ಆಡಿಸುತ್ತ ಹೊರಗೆ ಹೋದ. ಅದು ಕ್ಷಮೆಯೋ ಇನ್ನೂ ದೊಡ್ಡ ಸಿಟ್ಟೋ ತಿಳಿಯಲಿಲ್ಲ.

"ಮತ್ತೆ ಈ ಸದ್ದು?" ಮ್ಯಾನೇಜರ್ ಪಿನ್ನನ್ನು ತೋರಿಸಿದರು. "ಇದು ಹೇಗೆ ಕೇಳಿಸ್ತು?"

"ಅದು ಯಂತ್ರದ್ದಲ್ಲ ಸಾರ್. ನಿಲ್ಲಿಸಿದ ಮೇಲೂ ಕೇಳಿಸ್ತಿತ್ತು. ಈಗ್ಲೂ ಕೇಳಿಸ್ತಿದೆ."

ಮ್ಯಾನೇಜರ್ ಒಂದು ಕುರ್ಚಿ ಎಳೆದುಕೊಂಡು ಕೂತರು. ಪಿನ್ನನ್ನು, ಅವನನ್ನು, ಮತ್ತೆ ಪಿನ್ನನ್ನು ನೋಡಿದರು. ಆಗ ಅವನ ಕೈ ಹಿಡಿದಿದ್ದ ತಮ್ಮ ಕೈಗಳನ್ನು ಈಗ ಪ್ಯಾಂಟಿಗೆ ಒರೆಸಿಕೊಳ್ಳುತ್ತಿದ್ದರು. "ನಿಮಗೆ ಏನು ಹೇಳ್ಬೇಕು ನನಗೆ ತಿಳೀತಿಲ್ಲ," ಎಂದರು ಕೊನೆಗೆ. "ಇಪ್ಪತ್ನಾಲ್ಕು ಜನ ಬದುಕಿದ್ದಾರೆ. ಅದಕ್ಕೆ ಕೈಮುಗಿಯೋದಾ, ಕೊರಳಪಟ್ಟಿ ಹಿಡಿಯೋದಾ? ವಿಚಾರಣೆ ಆಗೋವರೆಗೂ ಯಾವ ಹಾಳೆಗೂ ಸಹಿ ಹಾಕ್ಬೇಡಿ. ನೀವು ಈ ಹಿಂದೆ ಸಹಿ ಹಾಕಿರೋದನ್ನೆಲ್ಲ ಮತ್ತೆ ತೆಗೆದು ನೋಡ್ಬೇಕು."

"ಮಿಕ್ಕ ಹನ್ನೊಂದು ಪಿನ್ನೂ ತೆಗೀಬೇಕು ಸಾರ್. ಪಿನ್ ಒರೆಸೋದಕ್ಕೆ ಸಹಿ ಬೇಕಾಗಿಲ್ವಲ್ಲ. ನಾನೂ ಇರ್ತೀನಿ."

ಮ್ಯಾನೇಜರ್ ಬೇಡವೆನ್ನಲಿಲ್ಲ.

ಸಂಜೆ ಮನೆಯಲ್ಲಿ ಮಗಳು ಅವನ ಕೋಣೆಯ ಬಾಗಿಲಿಗೆ ಬಂದು ನಿಂತಳು. ಶಾಲೆಯಲ್ಲಿ ನಾಳೆ ಎಲ್ಲರಿಗೂ ಗೊತ್ತಾಗುತ್ತದೆ ಎಂದು ಆಗಲೇ ಒಂದು ಸುತ್ತು ಅತ್ತಾಗಿತ್ತು. "ಏಳನೇ ಕೈ ಅಂತ ನಿಂಗೆ ಹೇಗೆ ಗೊತ್ತಾಯ್ತು?" ಎಂದು ಕೇಳಿದಳು.

"ಗೊತ್ತಿರ್ಲಿಲ್ಲ. ನಿನ್ನೇ ನೋಡ್ತಿದ್ದೆ, ಅದಕ್ಕೆ ಬಾಯಿಗೆ ಏಳು ಬಂತು."

"ಮತ್ತೆ ಬೇರೆ ಕೈಯಲ್ಲೂ ಬಿರುಕಿದ್ರೆ? ಅದ್ರಲ್ಲಿದ್ದೋರು ಕೊನೇಗೆ ಇಳಿದ್ರಲ್ಲ?"

ತನಗೆ ಗೊತ್ತಿಲ್ಲ ಎಂದು ಅವಳಿಗೆ ಹೇಳಿದ. ಅವಳು ಹೊರಟುಹೋದಳು, ಬಾಗಿಲು ಮುಚ್ಚಲಿಲ್ಲ.

ಮಿಕ್ಕ ಪಿನ್ನುಗಳನ್ನು ತೆಗೆದು ನೋಡಲು ಮೂರು ದಿನ ಹಿಡಿಯಿತು. ಕೆಲಸದ ಉಸ್ತುವಾರಿ ಪೆನ್ಸಿಲ್‌ಗೆ ಬಂದಿತ್ತು. ಅವನು ಹಳೆಯ ಅಂಗಿ ತೊಟ್ಟುಬಂದು, ಮೇಸ್ತ್ರಿಯ ಪಕ್ಕ ನೆಲದ ಮೇಲೆ ಕೂತು, ಬಟ್ಟೆಯಿಂದ ಪಿನ್ ಒರೆಸಿದ. ಕೈಗೆಲ್ಲ ಕೆಂಪು ಹತ್ತಿ ಸಾಬೂನಿಗೂ ಬಿಡುತ್ತಿರಲಿಲ್ಲ. ಮೊದಲೆರಡು ಸರಿಯಿದ್ದವು. ಮೂರರಲ್ಲಿ ಕೆಂಪು ಗೆರೆ. ಒಂಬತ್ತರಲ್ಲಿ ಕೆಂಪು ಗೆರೆ, ಏಳರದಕ್ಕಿಂತ ಉದ್ದ. ಒಂಬತ್ತರಲ್ಲಿ ಕೂತಿದ್ದವರು ಆಪರೇಟರನ ತಂದೆ ಮತ್ತು ತಂಗಿ ಎಂದು ಪೆನ್ಸಿಲ್ ಪಟ್ಟಿ ನೋಡಿ ಹೇಳಿದಳು. ಅವರನ್ನು ಇಳಿಸಿದ್ದು ಹತ್ತನೆಯ ಸಲಕ್ಕೆ. ಮೇಸ್ತ್ರಿ ಸೀಮೆಸುಣ್ಣದಿಂದ ಪಿನ್ನಿನ ಮೇಲೆ ಅಂಕಿ ಬರೆದು ಬದಿಗಿಟ್ಟರು.

ಮೂರನೆಯ ದಿನ ಮಧ್ಯಾಹ್ನ, ಕಡೆಯ ಪಿನ್ನಿಗೆ ಬಿಳಿ ಪುಡಿ ಎರಚಿ ಕಾಯುತ್ತಿದ್ದಾಗ ಅವಳು ಎದ್ದು, ಸುತ್ತು ಬಳಸಿ ಬಂದು, ಅವನ ಬಲಕ್ಕೆ ಕೂತಳು.

"ಸರ್, ಒಂದು ಮಾತು. ಅವತ್ತು ನೀವು ಹೂಂ ಅಂದಾಗ ನನಗೂ ಅನುಮಾನ ಬಂದಿತ್ತು. ಇಷ್ಟು ಬೇಗ ಹೇಗೆ ಒಪ್ಪಿದ್ರು ಅಂತ. ಇನ್ನೊಂದ್ಸಲ ಕೇಳೋಣ ಅಂತ ನಿಮ್ಮ ಬಾಗಿಲವರೆಗೂ ಬಂದೆ. ಕೇಳ್ಲಿಲ್ಲ."

"ಯಾಕೆ ಕೇಳ್ಲಿಲ್ಲ?"

"ಎರಡನೇ ಸಲ ಹೇಳಿದ್ರೆ ನಿಮಗೆ ಸಿಟ್ಟು ಬರ್ತಿತ್ತಲ್ಲ ಸರ್. ನಾನೇನು ಕಿವುಡನಾ ಅಂತ ಬೈತಿದ್ರಿ. ಎಲ್ಲರಿಗೂ ಹೆದರಿಕೆ ಇತ್ತು."

ಪ್ರತಿ ಅಕ್ಷರವೂ ಕೇಳಿಸಿತು. ಅವನು ತಲೆಯಾಡಿಸಲಿಲ್ಲ. ಹೌದು ಎಂದ, ಬೈಯುತ್ತಿದ್ದೆ ಎಂದ. ಮೂವರೂ ಪಿನ್ನಿನ ಮೇಲೆ ಬಾಗಿ ಕೂತರು. ಗಡಿಯಾರದಲ್ಲಿ ಹತ್ತು ನಿಮಿಷ ಕಳೆಯಿತು. ಬಿಳುಪು ಬಿಳುಪಾಗಿಯೇ ಉಳಿದಿತ್ತು.

"ಇದು ಗಟ್ಟಿ ಇದೆ ಸಾರ್," ಎಂದು ಮೇಸ್ತ್ರಿ ಮೊಣಕಾಲಿಗೆ ಕೈಕೊಟ್ಟು ಏಳಲು ಹೊರಟರು.

"ಇನ್ನೈದು ನಿಮಿಷ ನೋಡೋಣ ಮೇಸ್ತ್ರಿ," ಎಂದ ಅವನು.

ಮೇಸ್ತ್ರಿ ಮತ್ತೆ ಕೂತರು.